ಸಾಲ್ಯಾಗ, ಓಣ್ಯಾಗ ಮಕ್ಕಳಿಗೆ ನಾಟಕದಿಂದ ಪಾಠ: ಪದೇ ಪದೇ ಕೇಳೋ ಪ್ರಶ್ನೆಗಳು

ಕೊಪ್ಪಳ, ಗಂಗಾವತಿ, ಕುಷ್ಟಗಿ ಕಡೆ ಸಾಲಿಗಳಿಗೆ, ಒಮ್ಮೊಮ್ಮೆ ಸಿಂಧನೂರು, ಬಳ್ಳಾರಿ ಕಡೆಗೂ ನಾಟಕದ ಕೆಲಸಕ್ಕ ಅಂತ ಹೋಗ್ತಿರ್ತೀವಿ. ಹೋದಲ್ಲೆಲ್ಲ ಟೀಚರ್ಸು, ಹೆಡ್‌ಮಾಸ್ಟ್ರು, ತಾಯಂದ್ರು ಕೇಳೋ ಪ್ರಶ್ನೆ ಹೆಚ್ಚುಕಮ್ಮಿ ಅವೇ ಇರ್ತಾವ, ಅದಕ್ಕ ಎಲ್ಲಾ ಒಂದೇ ಕಡೆ ಬರದು ಇಟ್ಟೀವಿ. ಉದ್ದ ಐತಿ, ನಿಮಗ ಬೇಕಾದ ಪ್ರಶ್ನೆ ಹುಡುಕಿ ಓದ್ರಿ.

ನಾಟಕ ಅಂದ್ರ ಗ್ಯಾದರಿಂಗ್ ದಿನ ಸ್ಟೇಜ್ ಮ್ಯಾಲ ಮಾಡೋದಲ್ಲೇನ್ರಿ? ಪಾಠಕ್ಕೂ ಅದಕ್ಕೂ ಏನ್ ಸಂಬಂಧ?

ಗ್ಯಾದರಿಂಗ್ ನಾಟಕ ಬ್ಯಾರೆ, ಇದು ಬ್ಯಾರೆ. ಗ್ಯಾದರಿಂಗ್‌ನ್ಯಾಗ ಏನಾಗತೈತಿ ಅಂದ್ರ ಚೊಲೊ ಮಾತಾಡೋ ಎಂಟ್ಹತ್ತು ಮಕ್ಕಳಿಗೆ ಪಾರ್ಟು ಸಿಗತಾವ, ಅವ್ರು ಒಂದು ತಿಂಗಳು ಡೈಲಾಗ್ ಬಾಯಿಪಾಠ ಮಾಡ್ತಾರ, ಉಳಿದವ್ರು ಕೆಳಗ ಕುಂತು ಚಪ್ಪಾಳಿ ಹೊಡೀತಾರ, ಒಂದು ಸಂಜಿಗೆ ಎಲ್ಲಾ ಮುಗೀತು. ನಾವು ಹೇಳೋ ನಾಟಕಕ್ಕ ಪ್ರೇಕ್ಷಕರೇ ಬೇಕಾಗಿಲ್ಲ. ಇಡೀ ಕ್ಲಾಸು ಒಳಗ ಇರತೈತಿ, ಪಾಠದಾಗ ಬರೋ ಒಂದು ಪರಿಸ್ಥಿತಿ ಒಳಗ ಮಕ್ಕಳು ತಾವೇ ನಿಂತು ಯೋಚನೆ ಮಾಡ್ತಾರ, ತೀರ್ಮಾನ ತಗೋತಾರ.

ಒಂದು ಉದಾಹರಣೆ ಕೊಡ್ತೀವಿ. ಮಸ್ಕಿ ನಮ್ಮ ರಾಯಚೂರು ಜಿಲ್ಲಾದಾಗೇ ಐತಿ. 1915ರಾಗ ಅಲ್ಲಿ ಸಿಕ್ಕ ಶಾಸನದಾಗ ಅಶೋಕ ಅನ್ನೋ ಹೆಸರು ಇತ್ತು, ಅದರಿಂದಲೇ ಬ್ಯಾರೆ ಶಾಸನಗಳಾಗ ಬರೋ ದೇವಾನಾಂಪ್ರಿಯ ಅನ್ನೋ ರಾಜ ಅಂದ್ರ ಅಶೋಕನೇ ಅಂತ ಗಟ್ಟಿ ಆತು, ಇದು ಪಾಠದಾಗೂ ಬರತೈತಿ. ಪಾಠ ಓದಿ ಮುಗಿಸಿದ ಮ್ಯಾಲ ನಾವು ಕೇಳೋ ಪ್ರಶ್ನೆ ಏನು? ಶಾಸನ ಎಲ್ಲಿ ಸಿಕ್ತು, ಯಾವಾಗ ಸಿಕ್ತು. ಉತ್ತರ ಗೈಡ್‌ನ್ಯಾಗ ಐತಿ. ಈಗ ಅದನ್ನ ನಾಟಕ ಮಾಡ್ರಿ. ಒಬ್ಬಾಕಿ ರಾಜನ ಕಡಿಂದ ಬಂದ ದೂತ, ಉಳಿದವ್ರೆಲ್ಲ ಶಾಸನದ ಬಂಡೆಗಲ್ಲಿನ ಹತ್ರ ಸೇರಿದ ಊರ ಜನ, ದನ ಕಾಯೋರು, ಬಂಗಾರದ ಮಣ್ಣು ತೊಳೆಯೋರು. ದೂತ ಓದ್ತಾಳ, ಊರ ಜನ ಕೇಳ್ತಾರ. ಐದು ನಿಮಿಷದಾಗ ಯಾವುದೋ ಮಗು ಎದ್ದು ಕೇಳೇ ಕೇಳತೈತಿ, ಟೀಚರ್, ಅದು ಪ್ರಾಕೃತ ಅಂದ್ರಲ್ಲ, ಇಲ್ಲಿ ಜನಕ್ಕ ತಿಳೀತಿತ್ತೇನು, ಯಾರು ತಿಳಿಸಿ ಹೇಳಿದ್ರು? ಈ ಪ್ರಶ್ನೆ ಇತಿಹಾಸ ಓದಿದ ದೊಡ್ಡ ದೊಡ್ಡವ್ರು ಕೇಳೋ ಪ್ರಶ್ನೆ. ಗೈಡ್‌ನ್ಯಾಗ ಉತ್ತರ ಇಲ್ಲದ ಪ್ರಶ್ನೆ ಮಗುವಿನ ಬಾಯಾಗ ಬರಬೇಕು, ನಮಗ ನಾಟಕ ಬೇಕಾಗಿರೋದು ಅದಕ್ಕ.

ಇದೇನು ಹೊಸಾ ಸ್ಕೀಮ್ ಏನ್ರಿ? ಎಲ್ಲಿಂದ ಬಂತು?

ಹೊಸದಲ್ಲ. ಇಂಗ್ಲೆಂಡಿನ ಕೊವೆಂಟ್ರಿ ಊರಿನ ಬೆಲ್‌ಗ್ರೇಡ್ ಥಿಯೇಟರ್‌ನವ್ರು 1965ರಾಗ ನಟರನ್ನ ಸಾಲಿಗಳಿಗೆ ಕಳಿಸಿ ಪಾಠದ ಭಾಗ ಆಗಿ ನಾಟಕ ಮಾಡೋದು ಶುರು ಮಾಡಿದ್ರು, ಅದಕ್ಕ ಥಿಯೇಟರ್ ಇನ್ ಎಜುಕೇಶನ್ ಅಂತ ಹೆಸರಾತು. ಅದೇ ದೇಶದಾಗ ಡೊರೊತಿ ಹೀತ್‌ಕೋಟ್ ಅನ್ನೋ ಶಿಕ್ಷಕಿ, ಟೀಚರೇ ಒಂದು ಪಾತ್ರ ಆಗಿ ಮಕ್ಕಳ ನಡುವ ಹೋಗೋದನ್ನ, ಮಕ್ಕಳನ್ನ ತಜ್ಞರು ಅಂತ ಕೂಡಿಸಿ ಕೆಲಸ ಒಪ್ಪಿಸೋದನ್ನ ಬೆಳೆಸಿದ್ರು. ಬ್ರೆಜಿಲ್‌ನ ಆಗಸ್ಟೋ ಬೋಲ್ ಅವ್ರದ್ದು ಫೋರಂ ಥಿಯೇಟರ್, ಅದರ ಬಗ್ಗೆ ಕೆಳಗ ಬರತೈತಿ. ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆ 1989ರಾಗ ಇದಕ್ಕಂತ ಒಂದು ತಂಡನೇ ಕಟ್ಟಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು, 2020ರ ಶಿಕ್ಷಣ ನೀತಿ ಎರಡರಾಗೂ ಕಲೆಯನ್ನ ಪಾಠದ ಜೊತಿಗೆ ಸೇರಿಸ್ರಿ ಅಂತ ಐತಿ, ಯಾರಾದ್ರೂ ಮ್ಯಾಲಿನವ್ರು ಕೇಳಿದ್ರ ಇದನ್ನ ತೋರಿಸ್ರಿ.

ಆದ್ರ ನಮ್ಮ ಕಡೆ ಇದು ಹೊರಗಿಂದ ತರೋ ಸಾಮಾನೇ ಅಲ್ಲ, ಬಯಲಾಟದ ಪ್ರಶ್ನೆಯೊಳಗ ಹೇಳ್ತೀವಿ.

ನಾನು ಗಣಿತದ ಟೀಚರ್. ನನಗ ನಟನೆ ಬರಂಗಿಲ್ಲ, ಹಾಡೂ ಬರಂಗಿಲ್ಲ.

ಬರದಿದ್ರ ಏನೂ ಅಡ್ಡಿ ಇಲ್ರಿ. ಒಂದು ಟವೆಲ್ ಇಟ್ಕೋರಿ. ಹೆಗಲ ಮ್ಯಾಲ ಹಾಕ್ಕೊಂಡ್ರ ನೀವು ಊರ ಗೌಡ್ರೋ, ಬ್ಯಾಂಕ್ ಮ್ಯಾನೇಜರ್ರೋ, ಸಂತ್ಯಾಗ ತೂಕ ಹಾಕೋ ವ್ಯಾಪಾರಿಯೋ, ತಗದು ಟೇಬಲ್ ಮ್ಯಾಲ ಇಟ್ರ ಮತ್ತ ಟೀಚರ್. ಮಕ್ಕಳಿಗೆ ಇಷ್ಟೇ ಸಾಕು, ದನಿ ಬದಲಿಸೋದು, ಮೀಸಿ ಅಂಟಿಸೋದು ಬ್ಯಾಡ. ನಿಜ ಹೇಳ್ಬೇಕಂದ್ರ ಚೊಲೊ ನಟನೆ ಬರೋ ಟೀಚರ್‌ಗಿಂತ ಬರದ ಟೀಚರ್ ಕ್ಲಾಸ್ ಭಾಳ ಸಲ ಚೊಲೊ ಆಗತೈತಿ, ಯಾಕಂದ್ರ ಬರೋರು ತಾವೇ ಮುಂದ ನಿಂತ್ಕೊಂಡು ಬಿಡ್ತಾರ, ಮಕ್ಕಳು ನೋಡ್ಕೊಂತ ಕುಂದ್ರತಾವ. ವ್ಯಾಪಾರಿ ಆಗಿ ಬಂದು ಬೇಕಂತಲೇ ತಪ್ಪು ಲೆಕ್ಕ ಹಾಕ್ರಿ, ಶೇಕಡಾ 10 ಡಿಸ್ಕೌಂಟ್ ಅಂತ ಹೇಳಿ 5 ಹಿಡೀರಿ, ಹೆಂಗ ಮೈಮ್ಯಾಲ ಬರ್ತಾರ ನೋಡ್ರಿ. ಟೀಚರ್‌ಗೆ ಮಕ್ಕಳು ಎದುರು ಮಾತಾಡಂಗಿಲ್ಲ, ವ್ಯಾಪಾರಿಗೆ ಆಡ್ತಾವ.

40 ನಿಮಿಷದ ಪೀರಿಯಡ್‌ನ್ಯಾಗ ಹೆಂಗ ಮಾಡೋದು? ಒಂದು ಪೂರ್ತಿ ಉದಾಹರಣೆ ಕೊಡ್ರಿ.

ನಾವು ಭಾಳ ಕಡೆ ಮಾಡೋ ಒಂದು ಪಾಠ ಹೇಳ್ತೀವಿ, ಏಳು, ಎಂಟು, ಒಂಬತ್ತನೇ ಕ್ಲಾಸಿಗೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಚೈನ್ ತುಂಡಾಗಿ ಕೊಚ್ಚಿಕೊಂಡು ಹೋದದ್ದು ನಮ್ಮ ಕಡೆ ಸಣ್ಣ ಹುಡುಗ್ರಿಗೂ ಗೊತ್ತೈತಿ. ಡ್ಯಾಮಿಗೆ ಒಟ್ಟು 33 ಗೇಟು. ಡ್ಯಾಮ್ ತುಂಬಿತ್ತು. ಹೋದ ಗೇಟಿನ ಜಾಗ ಮುಚ್ಚಬೇಕಂದ್ರ ನೀರಿನ ಮಟ್ಟ ಇಳಿಸಬೇಕು, ಇಳಿಸಬೇಕಂದ್ರ ಬ್ಯಾರೆ ಗೇಟ್ ತೆರದು ನೀರು ನದಿಗೆ ಬಿಡಬೇಕು, ಬಿಟ್ರ ಕೊಪ್ಪಳ, ರಾಯಚೂರು, ಬಳ್ಳಾರಿ ಮತ್ತ ಕೆಳಗ ಆಂಧ್ರ, ತೆಲಂಗಾಣದ ರೈತರ ಬೆಳಿಗೆ ನೀರು ಕಮ್ಮಿ. ನಾಟಕಕ್ಕ ಬೇಕಾದ ಗಂಟು ಇಲ್ಲೇ ಐತಿ, ನೀವು ಹೊಸದಾಗಿ ಕಥಿ ಕಟ್ಟೋದೇ ಬ್ಯಾಡ.

ಮೊದ್ಲ ಐದು ನಿಮಿಷ, ಬೋರ್ಡ್ ಮ್ಯಾಲ ಡ್ಯಾಮಿನ ಚಿತ್ರ, ಗೇಟಿನ ನಂಬರು, ಎಡದಂಡೆ ಬಲದಂಡೆ ಕಾಲುವೆ. ಆಮ್ಯಾಲ ಕ್ಲಾಸನ್ನ ಗುಂಪು ಮಾಡ್ರಿ: ಎಂಜಿನಿಯರ್‌ಗಳು, ಕಾಲುವೆ ಮೊದಲ ಭಾಗದ ಭತ್ತದ ರೈತರು, ಟೇಲ್ ಎಂಡ್ ಅಂದ್ರ ಕಾಲುವೆ ಕೊನೀ ಭಾಗದ ರೈತರು, ನದಿ ದಂಡಿ ಮ್ಯಾಗಿನ ಊರಿನವ್ರು, ಜಿಲ್ಲಾ ಆಡಳಿತ. ನೀವು ಟವೆಲ್ ಹಾಕ್ಕೊಂಡು ಒಳಗ ಬಂದು ಬರೀ ಒಂದು ಮಾತು ಹೇಳ್ರಿ, ಬೆಳಕು ಹರಿಯೋದ್ರೊಳಗ ನಿಮ್ಮ ತೀರ್ಮಾನ ಬೇಕು, ಎಷ್ಟು ನೀರು ಬಿಡೋಣ ಹೇಳ್ರಿ. ಹತ್ತು ನಿಮಿಷ ಗುಂಪಿನ್ಯಾಗ ಮಾತಾಡ್ಲಿ. ಎಂಜಿನಿಯರ್ ಗುಂಪಿಗೆ ಒಂದು ಲೆಕ್ಕ ಕೊಡ್ರಿ: ಸೆಕೆಂಡಿಗೆ 1 ಲಕ್ಷ ಘನ ಅಡಿ ಅಂದ್ರ 1 ಲಕ್ಷ ಕ್ಯೂಸೆಕ್ಸ್, ಒಂದು ದಿನಕ್ಕ 86,400 ಸೆಕೆಂಡು, ಒಂದು ಟಿಎಂಸಿ ಅಂದ್ರ ನೂರು ಕೋಟಿ ಘನ ಅಡಿ, ಹಂಗಾದ್ರ ದಿನಕ್ಕ ಎಷ್ಟು ಟಿಎಂಸಿ ಹೋಗತೈತಿ? 8.64 ಟಿಎಂಸಿ. ಈ ಲೆಕ್ಕವನ್ನ ಬರೀ ಬೋರ್ಡ್ ಮ್ಯಾಲ ಕೊಟ್ರ ಅರ್ಧ ಕ್ಲಾಸು ಆಕಳಿಸತೈತಿ, ಆದ್ರ ಎದುರಿಗೆ ರೈತರ ಗುಂಪು ಕುಂತು ನಮ್ಮ ನೀರು ಎಷ್ಟು ಹೋಕ್ಕೈತಿ ಹೇಳ್ರಿ ಅಂತ ಕೇಳೋವಾಗ ಅದೇ ಮಕ್ಕಳು ಬೆರಳು ಮಡಿಚಿ ಸೊನ್ನೆ ಎಣಿಸ್ತಾರ, ಒಬ್ಬರದ್ದು ತಪ್ಪಿದ್ರ ಇನ್ನೊಬ್ರು ತಿದ್ದತಾರ.

ಆಮ್ಯಾಲ ಹದಿನೈದು ನಿಮಿಷ ಸಭೆ. ಇಲ್ಲಿ ನೀವು ಬಾಯಿ ಮುಚ್ಚಿಕೊಂಡು ಇರ್ಬೇಕು, ಅದೇ ಕಷ್ಟದ ಕೆಲಸ. ಒಂದು ಸಾಲ್ಯಾಗ ಟೇಲ್ ಎಂಡ್ ರೈತಳಾಗಿದ್ದ ಹುಡುಗಿ, ಅಲ್ಲೀತನಕ ಒಂದು ಮಾತೂ ಆಡಿದ್ದಿಲ್ಲ, ಎದ್ದು ನಿಂತು ಸೆರಗು ಇದ್ದಂಗ ವೇಲ್ ಸೊಂಟಕ್ಕ ಸಿಗಿಸಿಕೊಂಡು ಹೇಳಿದ್ಳು: "ಗೇಟ್ ಇದ್ದಾಗೂ ನಮಗ ನೀರು ಬಂದಿಲ್ಲ, ಮ್ಯಾಲಿನವ್ರೇ ಹಿಡಕೊಂಡ್ರು. ಈಗ ಗೇಟ್ ಹೋದ ಮ್ಯಾಲ ನಮ್ಮನ್ನ ಯಾಕ ಕರದೀರಿ ಸಭಾಕ್ಕ?" ಭತ್ತದ ರೈತರ ಗುಂಪು ಗಪ್ಪಾತು. ಆ ಹುಡುಗಿ ಮನ್ಯಾಗ ಅಪ್ಪ ಸಂಜಿಗೆ ಆಡೋ ಮಾತು ಅದು, ಆದ್ರ ಅದು ಭೂಗೋಳದ ಪಾಠ ಅಂತ ಆಕಿಗೆ ಆ ದಿನಾನೇ ಗೊತ್ತಾದದ್ದು.

ಕೊನೀ ಹತ್ತು ನಿಮಿಷ ಟವೆಲ್ ತಗದಿಟ್ಟು ಎಲ್ರೂ ಗುಂಡಾಗಿ ಕುಂತು ಮಾತಾಡ್ರಿ. ನಿಜವಾಗ್ಲೂ ಏನಾತು ಅಂತ ಈಗ ಹೇಳ್ರಿ, ಮೊದ್ಲು ಹೇಳಬ್ಯಾಡ್ರಿ: ಹರಿಯೋ ನೀರಿನ್ಯಾಗೇ ಸ್ಟಾಪ್‌ಲಾಗ್ ಅಂದ್ರ ಉಕ್ಕಿನ ಹಲಗಿ ಥರದ ತುಂಡುಗಳನ್ನ ಒಂದರ ಮ್ಯಾಲ ಒಂದು ಇಳಿಸಿ ವಾರದೊಳಗ ಆ ಜಾಗ ಮುಚ್ಚಿದ್ರು, ಅದರಿಂದ ಭಾಳಷ್ಟು ನೀರು ಉಳೀತು. ಈ ಕೊನೀ ಮಾತುಕತಿ ಬಿಟ್ರ ನಾಟಕ ಬರೀ ಗದ್ದಲ ಆಗತೈತಿ. ಟೈಮ್ ಕಮ್ಮಿ ಬಿದ್ರ ಸಭೆ ಕಟ್ ಮಾಡ್ರಿ, ಇದನ್ನ ಕಟ್ ಮಾಡಬ್ಯಾಡ್ರಿ.

ಸಿಲಬಸ್ ಮುಗಿಯಂಗಿಲ್ಲ ಮತ್ತ?

ಎಲ್ಲಾ ಪಾಠಕ್ಕೂ ಮಾಡ್ರಿ ಅಂತ ನಾವು ಹೇಳೋದಿಲ್ಲ. ತಿಂಗಳಿಗೆ ಒಂದೋ ಎರಡೋ ಪಾಠ ಆರಿಸ್ಕೋರಿ, ಯಾವುದರಾಗ ಇಬ್ಬರ ನಡುವ ಒಂದು ಜಗ್ಗಾಟ ಐತೋ ಅದನ್ನ. ಗುಣಾಕಾರದ ಮಗ್ಗಿಗೆ ನಾಟಕ ಬ್ಯಾಡ, ಮಗ್ಗಿ ಬಾಯಿಪಾಠನೇ ಮಾಡಬೇಕು. ಹತ್ತನೇ ಕ್ಲಾಸಿನ್ಯಾಗ ಫೆಬ್ರುವರಿ ಬಂದ ಮ್ಯಾಲ ಯಾರೂ ಬಿಡಂಗಿಲ್ಲ ಅನ್ನೋದೂ ಗೊತ್ತೈತಿ, ಅದಕ್ಕ ಜೂನ್‌ದಾಗೇ ಶುರು ಮಾಡ್ರಿ.

ಒಂದೇ ರೂಮಿನ್ಯಾಗ 60 ಮಕ್ಕಳು, ಕಾಲಿಡಾಕ ಜಾಗ ಇಲ್ಲ.

ಕುಂತಲ್ಲೇ ಆಗೋವು ಭಾಳ ಅದಾವ. ಜೋಡಿ ಜೋಡಿ ಮಾತಾಡೋದು: ಒಬ್ರು ಬೇರು, ಒಬ್ರು ಎಲಿ, ಯಾರ ಕೆಲಸ ದೊಡ್ಡದು ಅಂತ ಎರಡು ನಿಮಿಷ ವಾದ ಮಾಡ್ಲಿ. 30 ಜೋಡಿ ಒಮ್ಮೆಗೇ ಮಾತಾಡ್ತಾವ, ಗದ್ದಲ ಆಗತೈತಿ, ಆಗ್ಲಿ. ಬಾಜು ಕ್ಲಾಸಿನವ್ರಿಗೆ ಮೊದ್ಲೇ ಹೇಳಿಡ್ರಿ. ಸುಮ್ಮನಾಗಾಕ ಒಂದು ಗುರುತು ಇರಲಿ, ತಾಳ ಆಗಬಹುದು, ಮೂರು ಚಪ್ಪಾಳಿ ಆಗಬಹುದು. ಅದನ್ನ ಮೊದಲ ದಿನಾನೇ ಆಟ ಮಾಡಿ ಕಲಿಸ್ರಿ, ಬೆತ್ತ ಹಿಡಿದು ಗಪ್ ಅಂತ ಕೂಗಿದ್ರ ಆ ಕ್ಲಾಸಿನ್ಯಾಗ ಮತ್ತ ನಾಟಕ ಹುಟ್ಟಂಗಿಲ್ಲ. ಹೊರಗ ಬೇವಿನ ಗಿಡದ ಕೆಳಗ ಮಾಡೋದಾದ್ರ ಬೆಳಿಗ್ಗೆನೇ ಮುಗಿಸ್ರಿ, ಮಾರ್ಚ್ ಆದ ಮ್ಯಾಲ ರಾಯಚೂರು ಬಿಸಿಲಾಗ ಹತ್ತು ಗಂಟೆಗೆ ಮಕ್ಕಳನ್ನ ಬಯಲಾಗ ನಿಲ್ಲಿಸೋದು ಬ್ಯಾಡವೇ ಬ್ಯಾಡ.

ನಮ್ಮೂರಾಗ ಬಯಲಾಟ ಐತಿ. ಅದನ್ನ ಪಾಠಕ್ಕ ಬಳಸಬಹುದೇನು?

ಬಳಸಬಹುದು ಅಲ್ರಿ, ಬಳಸಲೇಬೇಕು. ಬಯಲಾಟದ ಒಂದು ಬಗಿ ದೊಡ್ಡಾಟ, ಅದನ್ನ ನೋಡಿದವ್ರಿಗೆ ಗೊತ್ತಿರತೈತಿ, ರಂಗಕ್ಕ ಬಂದ ರಾಜನೋ ರಾಕ್ಷಸನೋ ಸುಮ್ನೆ ಕಥಿ ಶುರು ಮಾಡಂಗಿಲ್ಲ, ಸಾರಥಿ ಅವನನ್ನ ತಡೆದು ಮಾತಾಡಿಸ್ತಾನ, ತಾವು ಯಾರು, ಯಾವ ಪಟ್ಟಣ, ಇಲ್ಲಿಗೆ ಬಂದ ಕಾರಣ ಏನು. ಅವ ಎದಿ ಉಬ್ಬಿಸಿ, ಹೆಜ್ಜಿ ಹಾಕಿ, ತನ್ನ ಹೆಸರು, ಮನತನ, ಬಂದ ಕೆಲಸ ಎಲ್ಲಾ ಹೇಳ್ತಾನ. ಟ್ರೈನಿಂಗ್‌ನ್ಯಾಗ ಹಾಟ್ ಸೀಟಿಂಗ್ ಅಂತ ಒಂದು ವಿಧಾನ ಕಲಿಸ್ತಾರ, ಒಂದು ಮಗು ಪಾತ್ರ ಆಗಿ ಕುರ್ಚಿ ಮ್ಯಾಲ ಕುಂದ್ರೋದು, ಉಳಿದವ್ರು ಪ್ರಶ್ನೆ ಕೇಳೋದು. ನಮ್ಮ ಸಾರಥಿ ಮಾಡೋದು ಇದೇ ಕೆಲಸ, ತಲೆತಲಾಂತರದಿಂದ, ಅದೂ ಮದ್ದಳೆ ತಾಳದ ಜೊತಿಗೆ.

ಕ್ಲಾಸಿನ್ಯಾಗ ಹಿಂಗ ಮಾಡ್ರಿ. ವಿಜ್ಞಾನದ ಪಾಠ, ರಕ್ತ ಪರಿಚಲನೆ. ಒಂದು ಮಗು ಹೃದಯ ಆಗಿ ತಾಳಕ್ಕ ಹೆಜ್ಜಿ ಹಾಕ್ಕೊಂತ ಬರಲಿ. ಸಾರಥಿ ಕೇಳಲಿ: ಎಲೈ ಮಹಾನುಭಾವ, ತಾವು ಯಾರು, ತಮ್ಮ ಅರಮನಿಗೆ ಎಷ್ಟು ಕೋಣೆ, ಎಡಗಡೆ ಗೋಡಿ ಯಾಕ ದಪ್ಪ? ಹೃದಯ ಉತ್ತರ ಹೇಳಬೇಕು, ಸಾರಥಿ ಬಿಡಂಗಿಲ್ಲ, ಮತ್ತ ಕೇಳ್ತಾನ. ಸಾರಥಿ ಆಗೋ ಮಗು ಹೆಚ್ಚು ಓದಿಕೊಂಡು ಬರಬೇಕಾಗತೈತಿ, ಇದನ್ನ ಭಾಳ ಟೀಚರ್ಸು ಗಮನಿಸಂಗಿಲ್ಲ. ಉತ್ತರ ಹೇಳೋದಕ್ಕಿಂತ ಚೊಲೊ ಪ್ರಶ್ನೆ ಕೇಳೋದು ಕಷ್ಟ. ಅದಕ್ಕ ಸಾರಥಿ ಪಾರ್ಟು ಒಬ್ರಿಗೇ ಕೊಟ್ಟು ಕೂಡ್ಸಬ್ಯಾಡ್ರಿ, ದಿನಾ ಬದಲಿಸ್ರಿ.

ನಿಮ್ಮೂರಾಗ ಪೇಟಿ ಮಾಸ್ತರ್ ಇದ್ರ, ತಾಲೀಮು ಮಾಡಿಸೋ ಹಿರಿಯರು ಇದ್ರ ಒಂದು ದಿನ ಸಾಲಿಗೆ ಕರೀರಿ. ಕುರ್ಚಿ ಹಾಕಿ, ಚಾ ಕೊಟ್ಟು, ಮಕ್ಕಳ ಮುಂದ ಮೇಷ್ಟ್ರೇ ಅಂತ ಕರೀರಿ. ಎಷ್ಟೋ ಕಲಾವಿದ್ರು ಸಾಲಿ ಮೆಟ್ಟಿಲು ಹತ್ತಿಲ್ಲ, ಆದ್ರ ನೂರಾರು ಪದ, ಪೂರ್ತಿ ಪ್ರಸಂಗ ಬಾಯಾಗ ಇಟ್ಕೊಂಡಾರ. ದರೋಜಿ ಈರಮ್ಮ ಅಕ್ಷರ ಕಲಿಯದೇ ಬುರ್ರಕಥಾ ಕಾವ್ಯಗಳನ್ನ ರಾತ್ರಿಗಟ್ಟಲೆ ಹಾಡಿದವ್ರು, ನಮ್ಮ ಬಳ್ಳಾರಿ ಸೀಮಿಯವ್ರೇ. ಓದಾಕ ಬರದವ್ರ ತಲ್ಯಾಗ ಇಷ್ಟು ವಿದ್ಯಾ ಇರತೈತಿ ಅನ್ನೋದು ಮಗು ಕಣ್ಣಾರೆ ನೋಡಲಿ.

ತೊಗಲುಗೊಂಬಿ ಮಾಡಿಸಬಹುದಾ? ತೊಗಲು ಎಲ್ಲಿಂದ ತರೋದು?

ತೊಗಲು ಬ್ಯಾಡ, ರಟ್ಟು ಸಾಕು. ಲಗ್ನಪತ್ರಿಕಿ, ಸೀರಿ ಡಬ್ಬಿ ರಟ್ಟು ಕತ್ತರಿಸಿ, ಕೈಕಾಲಿಗೆ ದಾರ ಕಟ್ಟಿ, ಜ್ವಾಳದ ದಂಟಿನ ಕಡ್ಡಿಗೆ ಸಿಗಿಸ್ರಿ. ಬಿಳೀ ಧೋತ್ರ, ಹಿಂದ ಒಂದು ಬಲ್ಬು. ತೂತು ಕೊರದಷ್ಟೂ ಬೆಳಕು ಚೊಲೊ ಬೀಳತೈತಿ. ಬೆಳಕು, ನೆರಳು, ಪಾರದರ್ಶಕ ಅಪಾರದರ್ಶಕ ಪಾಠ ಇಲ್ಲೇ ಮುಗದು ಹೋಗತೈತಿ, ಗೊಂಬಿ ಬಲ್ಬಿನ ಹತ್ರ ತಂದ್ರ ನೆರಳು ದೊಡ್ಡದಾಗೋದು ಯಾಕ ಅಂತ ಅವ್ರೇ ಕೇಳ್ತಾರ.

ಮುಖ್ಯ ಲಾಭ ಏನಂದ್ರ, ಎದುರಿಗೆ ನಿಂತು ಮಾತಾಡಾಕ ಅಂಜೋ ಮಗು ಪರದಿ ಹಿಂದ ನಿಂತು ಗೊಂಬಿ ಬಾಯಿಂದ ಗಟ್ಟಿಯಾಗಿ ಮಾತಾಡತೈತಿ. ಕೊಪ್ಪಳ ತಾಲೂಕಿನ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವ್ರಿಗೆ 2025ರಾಗ ಪದ್ಮಶ್ರೀ ಬಂತು, ಬಳ್ಳಾರಿಯ ಬೆಳಗಲ್ಲು ವೀರಣ್ಣನವ್ರು ಸ್ವಾತಂತ್ರ್ಯ ಹೋರಾಟದ ಕಥಿಯನ್ನೂ ತೊಗಲುಗೊಂಬ್ಯಾಗ ತಂದು ಊರೂರು ತೋರಿಸಿದ್ರು. ಮಕ್ಕಳಿಗೆ ಇವ್ರ ಹೆಸರು ಹೇಳ್ರಿ. ಅಕ್ಕಪಕ್ಕದ ಊರಿನ ಅಜ್ಜಿ ಈ ಕೆಲಸದಿಂದ ದಿಲ್ಲೀತನಕ ಹೋದ್ರು ಅಂದ್ರ ಮಕ್ಕಳು ರಟ್ಟು ಹಿಡಿಯೋ ಕೈನೇ ಬದಲಾಗತೈತಿ.

ಕೆಲವು ಮಕ್ಕಳು ಬಾಯೇ ಬಿಡಂಗಿಲ್ಲ. ಏನ್ ಮಾಡೋದು?

ಒತ್ತಾಯ ಮಾಡಬ್ಯಾಡ್ರಿ. ನಾಟಕದಾಗ ಮಾತಿಲ್ಲದ ಕೆಲಸ ಭಾಳ ಐತಿ: ಮಳಿ ಸಪ್ಪಳ ಮಾಡೋದು, ಬಾಗಿಲಾಗಿ ನಿಂದ್ರೋದು, ಗೇಟ್ ಆಗೋದು, ತಾಳ ಹಿಡಿಯೋದು. ನಾಲ್ಕೈದು ಮಕ್ಕಳು ಸೇರಿ ಅಲುಗಾಡದ ಚಿತ್ರ ಆಗಿ ನಿಲ್ಲೋ ಆಟ ಐತಲ್ಲ, ಅದರಾಗ ಮಾತೇ ಬೇಕಾಗಿಲ್ಲ. ಹಂಗ ನಿಂತಿರೋವಾಗ ಹೆಗಲು ಮುಟ್ಟಿ, ನಿನ್ನ ಮನಸಿನ್ಯಾಗ ಈಗ ಏನೈತಿ, ಒಂದೇ ಮಾತು ಹೇಳು ಅನ್ರಿ. ಹೇಳಿದ್ರ ಹೇಳಲಿ, ಇಲ್ಲಂದ್ರ ಮುಂದಕ್ಕ ಹೋಗ್ರಿ. ಮುಟ್ಟೋ ಮೊದ್ಲು ಮುಟ್ಟಬಹುದಾ ಅಂತ ಕೇಳೋದನ್ನ ರೂಢಿ ಮಾಡ್ಕೋರಿ, ಹುಡುಗ್ರಿಗೂ ಹುಡಿಗ್ಯಾರಿಗೂ.

ಡೈಲಾಗ್ ಶುದ್ಧ ಕನ್ನಡದಾಗ ಇರಬೇಕಲ್ಲೇನು? ನಮ್ಮ ಮಕ್ಕಳು ಮನ್ಯಾಗ ತೆಲುಗು, ಉರ್ದು, ಲಂಬಾಣಿ ಮಾತಾಡ್ತಾವ.

ಇದು ನಮ್ಮ ಮೂರೂ ಜಿಲ್ಲಾದ ಶಕ್ತಿ. ಬಳ್ಳಾರಿ ರಾಘವ ಅವ್ರನ್ನ ನೆನಸ್ರಿ, ತೆಲುಗು ರಂಗಭೂಮಿ ಕನ್ನಡ ರಂಗಭೂಮಿ ಎರಡೂ ನಮ್ಮವ್ರು ಅನ್ನೋ ಅಂಥ ನಟ ನಮ್ಮ ಊರಾಗೇ ಬೆಳದವ್ರು. ಮೊದ್ಲ ಸಲ ಮಾಡೋವಾಗ ಮಕ್ಕಳು ಯಾವ ಮಾತಿನ್ಯಾಗ ಸಿಟ್ಟು ಮಾಡ್ತಾರೋ, ಜಗಳ ಆಡ್ತಾರೋ ಅದೇ ಮಾತಿನ್ಯಾಗ ಮಾಡ್ಲಿ. ತಾಂಡಾದ ಮಗು ತಾಯಿ ಪಾರ್ಟು ಲಂಬಾಣಿಯೊಳಗ ಮಾಡ್ಲಿ, ಬಾಜು ಮಗು ಕನ್ನಡಕ್ಕ ತಂದು ಹೇಳಲಿ. ಎರಡನೇ ಸಲ ಅದೇ ಸೀನು ಕನ್ನಡದಾಗ. ಮೂರನೇ ಸಲ ಪುಸ್ತಕದ ಕನ್ನಡದಾಗ ಬರೀಲಿ. ಹಿಂಗ ಮಾಡಿದ್ರ ಬರೆಯೋದು ಎಷ್ಟು ಸಲೀಸಾಗತೈತಿ ಅಂದ್ರ ಪ್ರಬಂಧಕ್ಕ ಗೈಡ್ ಇಣುಕಿ ನೋಡೋ ಕೆಲಸನೇ ಇರಂಗಿಲ್ಲ. ನಡುವ ತಡೆದು ಉಚ್ಚಾರ ತಿದ್ದೋ ಚಟ ಇದ್ರ ಬಿಡ್ರಿ, ಹ ಕಾರ ಅ ಕಾರದ ತಿದ್ದುಪಡಿ ಬ್ಯಾರೆ ಪೀರಿಯಡ್‌ನ್ಯಾಗ.

ಪಾರ್ಟು ಹಂಚೋದು ಹೆಂಗ? ಜಗಳ ಆಗತಾವ.

ಇದರ ಮ್ಯಾಲ ನಮಗ ಭಾಳ ಗಟ್ಟಿ ಅಭಿಪ್ರಾಯ ಐತಿ. ಯಾವುದಾದ್ರೂ ಸಾಲಿ ನಾಟಕ ನೋಡ್ರಿ, ರಾಜ ಯಾರು? ಬೆಳ್ಳಗಿರೋ, ಅಂಗಿ ಇಸ್ತ್ರಿ ಆಗಿರೋ ಹುಡುಗ. ರಾಕ್ಷಸ ಯಾರು? ಕಪ್ಪಗಿರೋ ಹುಡುಗ. ಕಸ ಗುಡಿಸೋ ಪಾರ್ಟು, ಆಳಿನ ಪಾರ್ಟು ಯಾವ ಓಣಿ ಮಗೂಗೆ ಹೋಗೈತಿ ನೋಡ್ರಿ. ಯಾರೂ ಬೇಕಂತ ಮಾಡಂಗಿಲ್ಲ, ಆದ್ರ ಹಂಗೇ ಆಗತೈತಿ, ಮತ್ತ ಆ ಮಗು ಅದನ್ನ ಜೀವನಪೂರ್ತಿ ಮರೆಯಂಗಿಲ್ಲ.

ಅದಕ್ಕ ರುಮಾಲಿನ ನಿಯಮ ಇಟ್ಕೋರಿ. ರುಮಾಲು ಯಾರ ತಲಿ ಮ್ಯಾಲ ಐತೋ ಅವ್ರು ರಾಜ, ಸೀನು ಬದಲಾದಂಗ ರುಮಾಲು ಇನ್ನೊಬ್ಬರ ತಲಿಗೆ. ಹುಡುಗಿ ತಲಿಗೂ ಬರಲಿ. ಒಂದು ಪಾರ್ಟು ಒಬ್ರದ್ದೇ ಅಂತ ಆಗಂಗಿಲ್ಲ, ಜಗಳಾನೂ ಕಮ್ಮಿ, ಒಂದು ಮಗು ಆಬ್ಸೆಂಟ್ ಆದ್ರ ನಾಟಕ ನಿಲ್ಲಂಗಿಲ್ಲ. ನಮ್ಮ ಕಡೆ ಇದು ಸಣ್ಣ ವಿಷಯ ಅಲ್ಲ, ಸುಗ್ಗಿ ಮುಗಿದ ಮ್ಯಾಲ ಗುಳೆ ಹೋಗೋ ಮನಿ ಮಕ್ಕಳು ಯಾವ ದಿನ ಬೆಂಗಳೂರು ಬಸ್ ಹತ್ತತಾವ ಅಂತ ಹೇಳಾಕ ಬರಂಗಿಲ್ಲ. ಅವು ವಾಪಸ್ ಬಂದ ದಿನ ರುಮಾಲು ಮೊದ್ಲು ಅವ್ರ ತಲಿಗೆ ಹಾಕ್ರಿ, ಬೆಂಗಳೂರಾಗ ಕಟ್ಟಡ ಕೆಲಸದ ಜಾಗ ಹೆಂಗಿತ್ತು ಅನ್ನೋದು ಕ್ಲಾಸಿಗೆ ಪಾಠ ಆಗಲಿ.

ಸಾಲಿ ಹೊರಗ, ಓಣ್ಯಾಗ ತಾಂಡಾದಾಗ ಮಾಡಬೇಕಂದ್ರ?

ಜಾಗ ಆರಿಸೋವಾಗ ಒಂದೇ ಪ್ರಶ್ನೆ ಕೇಳ್ಕೋರಿ, ಈ ಜಾಗಕ್ಕ ಊರಿನ ಎಲ್ಲಾ ಮಕ್ಕಳು ಅಳುಕಿಲ್ಲದೇ ಬರ್ತಾರೇನು. ಗುಡಿಕಟ್ಟಿ ನೋಡಾಕ ಚೊಲೊ ಇರತೈತಿ, ಆದ್ರ ಅಲ್ಲಿ ಹತ್ತಾಕ ಅಂಜೋ ಮಕ್ಕಳು ಇದ್ರ ಅದು ನಿಮ್ಮ ಜಾಗ ಅಲ್ಲ. ಸಾಲಿ ಅಂಗಳ, ಗ್ರಂಥಾಲಯ, ಅಂಗನವಾಡಿ ಮುಂದಿನ ಬಯಲು ಇವು ಮೇಲು. ಟೈಮು ಸಂಜಿ, ಹೊಲದಿಂದ ಬಂದ ಮ್ಯಾಲ, ಅಡಗಿಗೆ ಮೊದ್ಲು. ಕೊಪ್ಪಳದ ಗವಿಮಠದ ಜಾತ್ರಿ, ಮುದಗಲ್ಲ ಮೊಹರಂ ಇಂಥಾ ದಿನಗಳಾಗ ಮಕ್ಕಳು ಊರಾಗ ಸಿಗಂಗಿಲ್ಲ, ತಾರೀಕು ನೋಡಿ ಇಟ್ಕೋರಿ.

ಬಾಲ್ಯವಿವಾಹ, ಕುಡಿತ ಇಂಥಾ ವಿಷಯ ಮಕ್ಕಳ ಕಡಿಂದ ಮಾಡಿಸಬಹುದೇನು?

ಮಾಡಿಸಬಹುದು, ಆದ್ರ ಹುಷಾರಾಗಿ. ಇಲ್ಲಿ ಬೋಲ್ ಅವ್ರ ಫೋರಂ ಥಿಯೇಟರ್ ಕೆಲಸಕ್ಕ ಬರತೈತಿ. ಸಣ್ಣ ಸೀನು, ಹತ್ತು ನಿಮಿಷದ್ದು: ಒಂಬತ್ತನೇ ಕ್ಲಾಸಿನ ಹುಡುಗಿ, ನೋಡಾಕ ಬಂದಾರ, ಮನ್ಯಾಗ ಎಲ್ರೂ ಹೂಂ ಅಂದಾರ. ಸೀನು ಕೆಟ್ಟದಾಗೇ ಮುಗೀತೈತಿ. ಮತ್ತ ಮೊದಲಿಂದ ಶುರು, ಈ ಸಲ ನೋಡೋರು ಯಾರು ಬೇಕಾದ್ರೂ ನಿಲ್ಸು ಅಂತ ಕೂಗಿ, ಒಳಗ ಬಂದು, ಆ ಹುಡುಗಿ ಜಾಗದಾಗೋ, ಅಣ್ಣನ ಜಾಗದಾಗೋ ನಿಂತು ಬ್ಯಾರೆ ಥರ ಮಾಡಿ ನೋಡಬಹುದು. ಭಾಷಣದಾಗ ತಪ್ಪು ತಪ್ಪು ಅಂತ ಹೇಳಿದ್ರ ತಾಯಂದ್ರು ತಲಿ ಆಡಿಸಿ ಎದ್ದು ಹೋಗ್ತಾರ. ಇಲ್ಲಿ ಒಬ್ಬ ಅಜ್ಜಿ ಬಂದು ಬೀಗರ ಎದುರು ಹೆಂಗ ಮಾತಾಡಬೇಕು ಅಂತ ತೋರಿಸಿದ್ರ ಅದು ಆ ಊರಿಗೇ ಬಳಸಾಕ ಬರೋ ಮಾತಾಗತೈತಿ.

ಕಟ್ಟುನಿಟ್ಟಿನ ನಿಯಮ ಕೆಲವು. ಊರಾಗ ನಿಜಕ್ಕೂ ನಡದ ಮನಿ ಕಥಿ ತಗೋಬ್ಯಾಡ್ರಿ, ಹೆಸರು, ಓಣಿ ಬದಲಿಸಿದ್ರೂ ಗುರುತು ಸಿಗತೈತಿ. ಯಾವ ಮಗು ಮನ್ಯಾಗ ಅಂಥಾ ತೊಂದ್ರಿ ಐತೋ ಆ ಮಗೂಗೆ ಆ ಪಾರ್ಟು ಕೊಡಬ್ಯಾಡ್ರಿ. ನಾಟಕದ ನಡುವ ಒಂದು ಮಗು ನಿಜ ಸಂಗತಿ ಹೇಳಿಬಿಟ್ರ ಎಲ್ಲರ ಮುಂದ ಕೆದಕಬ್ಯಾಡ್ರಿ, ಆಮ್ಯಾಲ ಒಬ್ರೇ ಕುಂತು ಕೇಳ್ರಿ, ಗುಟ್ಟಾಗಿ ಇಡ್ತೀನಿ ಅಂತ ಸುಳ್ಳು ಮಾತು ಕೊಡಬ್ಯಾಡ್ರಿ, ಮಕ್ಕಳ ಸಹಾಯವಾಣಿ 1098ಕ್ಕ ಫೋನ್ ಮಾಡ್ರಿ. ಮಕ್ಕಳ ಮ್ಯಾಲ ಲೈಂಗಿಕ ದೌರ್ಜನ್ಯದ ಮಾತು ಬಂದ್ರ 2012ರ ಪೋಕ್ಸೋ ಕಾಯ್ದೆ ಪ್ರಕಾರ ಗೊತ್ತಿದ್ದವ್ರು ತಿಳಿಸಲೇಬೇಕು, ಅದು ನಿಮ್ಮ ಇಷ್ಟಕ್ಕ ಬಿಟ್ಟ ವಿಷಯ ಅಲ್ಲ. ಇಷ್ಟಕ್ಕ ತಯಾರಿ ಇಲ್ಲಂದ್ರ ಈ ವಿಷಯ ಮುಟ್ಟಬ್ಯಾಡ್ರಿ, ನೀರು, ಗಿಡ, ಸಂತಿ ಮ್ಯಾಲ ಮಾಡ್ರಿ, ಅವೂ ದೊಡ್ಡ ವಿಷಯನೇ.

ಹುಡಿಗ್ಯಾರನ್ನ ನಾಟಕಕ್ಕ ಕಳಿಸಂಗಿಲ್ಲ ಅಂತಾರ ಮನಿಯವ್ರು.

ಅವ್ರಿಗೆ ನಾಟಕ ಅಂದ್ರ ರಾತ್ರಿ ಕಂಪನಿ ನಾಟಕನೇ ಕಣ್ಣಿಗೆ ಬರತೈತಿ. ಮೊದ್ಲು ಕ್ಲಾಸಿಗೆ ಕರದು ತೋರಿಸ್ರಿ, ಸಂಜಿ ಐದರೊಳಗ ಮುಗಿಸ್ರಿ, ಒಬ್ಬ ತಾಯೀನ ಜೊತಿಗೆ ಇಟ್ಕೋರಿ. ಬಳ್ಳಾರಿ ಸುಭದ್ರಮ್ಮ ಮನ್ಸೂರು ಅವ್ರ ಹೆಸರು ಹಿರಿಯ ಹೆಣ್ಣುಮಕ್ಕಳಿಗೆ ಗೊತ್ತಿರತೈತಿ, ಅವ್ರ ರಂಗಗೀತಿ ಕೇಳಿದವ್ರು ಎಷ್ಟೋ ಮಂದಿ ಅದಾರ, ಅಲ್ಲಿಂದ ಮಾತು ಶುರು ಮಾಡಿದ್ರ ಮನಿ ಬಾಗಿಲು ಜಲ್ದಿ ತೆಗೀತೈತಿ.

ವಿಶೇಷ ಚೇತನ ಮಕ್ಕಳು?

ಅವ್ರನ್ನ ಬಿಟ್ಟು ಮಾಡೋ ನಾಟಕ ನಾಟಕನೇ ಅಲ್ಲ. ಕಣ್ಣು ಕಾಣದ ಮಗು ಇದ್ರ ನಾಟಕದ ಶಬ್ದವೆಲ್ಲ ಅದರ ಕೈಯಾಗ ಕೊಡ್ರಿ. ಕಿವಿ ಕೇಳದ ಮಗು ಇದ್ರ ಇಡೀ ಕ್ಲಾಸು ಒಂದು ಸೀನು ಮಾತಿಲ್ಲದೇ ಮಾಡಲಿ. ನಡಿಯಾಕ ಬರದ ಮಗು ಇದ್ರ ಸಭೆ ಅದರ ಸುತ್ತ ಕೂಡಲಿ. ಕುಂಟನ ಪಾರ್ಟು, ಕುರುಡನ ಪಾರ್ಟು ಅಂತ ನಗಿಸೋ ಸೀನು ಮಾತ್ರ ಯಾವ ಕಾರಣಕ್ಕೂ ಬ್ಯಾಡ.

ಖರ್ಚು ಎಷ್ಟು ಬರತೈತಿ?

ಹೆಚ್ಚು ಇಲ್ಲ. ಟವೆಲ್, ರುಮಾಲು, ಒಂದೆರಡು ಸೀರಿ, ರಟ್ಟು, ತಾಳ. ಬಾಡಿಗಿ ಡ್ರೆಸ್ ತರಬ್ಯಾಡ್ರಿ, ಅದರ ಚಿಂತಿಯೊಳಗೇ ಮಕ್ಕಳ ತಲಿ ಹೋಗತೈತಿ. ಮುಖವಾಡ ಮಾಡೋದಾದ್ರ ಕಿನ್ನಾಳದ ಗೊಂಬಿ ಕೆಲಸ ನೋಡಾಕ ಒಂದು ಸಲ ಕರ್ಕೊಂಡು ಹೋಗ್ರಿ, ಹಗುರ ಕಟ್ಟಿಗಿ ಮ್ಯಾಲ ಹುಣಸಿ ಬೀಜದ ಅಂಟು ಹಚ್ಚಿ ಮಾಡೋದು ನೋಡಿದ್ರ ಹಳೇ ಪೇಪರು, ಅದೇ ಅಂಟು ಹಾಕಿ ಮನ್ಯಾಗೇ ಮುಖವಾಡ ಮಾಡ್ತಾರ.

ಮಾರ್ಕ್ಸ್ ಹೆಂಗ ಕೊಡೋದು?

ನಟನೆಗೆ ಮಾರ್ಕ್ಸ್ ಕೊಡಬ್ಯಾಡ್ರಿ. ಆಮ್ಯಾಲ ಮಾಡೋ ಬರವಣಿಗಿಗೆ, ಲೆಕ್ಕಕ್ಕ ಕೊಡ್ರಿ. ಟೇಲ್ ಎಂಡ್ ರೈತಳಾಗಿ ಡಿ.ಸಿ.ಗೆ ಒಂದು ಅರ್ಜಿ ಬರಿ ಅನ್ರಿ, ಅದರಾಗ ಭಾಷೆ, ಭೂಗೋಳ, ಲೆಕ್ಕ ಮೂರೂ ಕಾಣತಾವ. ಪ್ರತಿಭಾ ಕಾರಂಜಿಗೆ ಹೋಗೋದಿದ್ರ ಹೋಗಲಿ, ಅಡ್ಡಿ ಇಲ್ಲ, ಆದ್ರ ಬಹುಮಾನಕ್ಕಂತ ನಾಲ್ಕು ಮಕ್ಕಳನ್ನ ಮಾತ್ರ ತಯಾರು ಮಾಡಿ ಅದಕ್ಕ ಸಾಲಿ ನಾಟಕ ಅಂತ ಹೆಸರಿಡಬ್ಯಾಡ್ರಿ.

ಟೀಚರ್‌ಗೆ ಟ್ರೈನಿಂಗ್ ಎಲ್ಲಿ ಸಿಗತೈತಿ?

ಕಲಬುರಗಿ ರಂಗಾಯಣ ನಮ್ಮ ಭಾಗಕ್ಕ ಹತ್ರ, ಅವ್ರ ಕಾರ್ಯಕ್ರಮ, ಶಿಬಿರ ಗಮನಿಸ್ತಾ ಇರ್ರಿ. ಮೈಸೂರು ರಂಗಾಯಣದ ಚಿನ್ನರ ಮೇಳ ಬ್ಯಾಸಿಗಿ ರಜಾದಾಗ ನಡೀತೈತಿ, ಹೋದ್ರ ನೋಡ್ಕೊಂಡು ಬರ್ರಿ. ಹೆಗ್ಗೋಡಿನ ನೀನಾಸಂ ದೂರ ಆದ್ರೂ ಅಲ್ಲಿ ಕಲ್ತು ಬಂದವ್ರು ನಮ್ಮ ಜಿಲ್ಲಾಗಳಾಗೂ ಅದಾರ, ಹುಡುಕಿ ಮಾತಾಡಿಸ್ರಿ. ಆದ್ರ ಟ್ರೈನಿಂಗ್ ಆಗೋತನಕ ಕಾಯಬ್ಯಾಡ್ರಿ.

ಸರಿ, ನಾಳೆನೇ ಶುರು ಮಾಡ್ತೀನಿ. ಮೊದ್ಲು ಏನ್ ಮಾಡ್ಲಿ?

ಬೆಂಚ್ ಗ್ವಾಡಿಗೆ ಸರಿಸ್ರಿ. ಎಲ್ರೂ ಗುಂಡಾಗಿ ನಿಲ್ಲಲಿ, ನೀವೂ ನಿಲ್ರಿ. ಒಂದು ಕಡ್ಡಿ ಕೈಯಿಂದ ಕೈಗೆ ಹೋಗಲಿ, ಪ್ರತಿಯೊಬ್ರೂ ಅದನ್ನ ಬ್ಯಾರೆ ಬ್ಯಾರೆ ಸಾಮಾನು ಮಾಡಿ ತೋರಿಸಲಿ: ಕೊಳಲು, ಬಾರುಕೋಲು, ಥರ್ಮಾಮೀಟರ್, ಮೀನು. ಮಾತಾಡೋ ಹಂಗಿಲ್ಲ, ಉಳಿದವ್ರು ಏನಂತ ಹೇಳಬೇಕು. ಯಾರಿಗಾದ್ರೂ ಹೊಳಿಲಿಲ್ಲ ಅಂದ್ರ ಮುಂದಿನವ್ರಿಗೆ ಕೊಡಲಿ, ಸುತ್ತು ತಿರುಗಿ ಮತ್ತ ಬರತೈತಿ. ಹದಿನೈದು ನಿಮಿಷ ಸಾಕು, ಆಮ್ಯಾಲ ಬೆಂಚ್ ಮಕ್ಕಳ ಕಡಿಂದಲೇ ವಾಪಸ್ ಜಾಗಕ್ಕ ಇಡಿಸಿ ಅವತ್ತಿನ ಪಾಠ ಶುರು ಮಾಡ್ರಿ. ಕಡ್ಡಿ ಚೂಪು ಇರಬಾರ್ದು, ಜ್ವಾಳದ ದಂಟು ಆದ್ರ ಸಿಪ್ಪಿ ಕೈ ಕೊಯ್ಯತೈತಿ, ಸುಲದು ಇಟ್ಕೋರಿ.